ಒಂದೋ, ಆರೋ

ಡೆಸ್‌ನ ಕೈಗವಸಿನ ಮೇಲೆ ಗ್ರೇವಿ ಬಿದ್ದಿದೆ, ಅವನಿಗೆ ಗೊತ್ತಿಲ್ಲ, ಮಾತಿನ ಭರದಲ್ಲಿ ಅದೇ ಕೈಯನ್ನು ಮೈದಾನದ ಕಡೆ ಚಾಚಿ ಆಡಿಸುತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ಮಾಂಸದ ಪೈ, ಅದರಿಂದ ಹಬೆ ಏಳುತ್ತಿದೆ, ಇಂಥ ಚಳಿಯಲ್ಲಿ ಹಬೆ ಕಂಡರೇ ಹೊಟ್ಟೆ ಹಸಿಯಬೇಕು, ನನಗೆ ಹಸಿವಿಲ್ಲ, ಗುರುವಾರದಿಂದ ಇಲ್ಲ — ನೋಡು ಟ್ರೆವರ್, ನಾನು ಹೇಳೋದು ಇಷ್ಟೇ, ಆ ಹುಡುಗನ್ನ ಒಂದನೇ ನಂಬರಲ್ಲಿ ಬಿಟ್ಬಿಡ್ಲಿ, ಎಲ್ಲರಿಗಿಂತ ಹಿಂದೆ ಒಬ್ಬನೇ ನಿಂತ್ಕೊಂಡ್ರೆ ಅವನ ಕಣ್ಣಿಗೆ ಇಡೀ ಮೈದಾನ ಕಾಣ್ಸತ್ತೆ, ಅವನನ್ನ ಮುಂದೆ ತಂದು ಆ ಕೋಣಗಳ ಕಾಲ್ಕೆಳಗೆ ಹಾಕೋದು ಯಾವ ಬುದ್ಧಿವಂತಿಕೆ — ಅದಕ್ಕೆ ಟ್ರೆವರ್, ಹೋಗೋ ಮುದುಕಪ್ಪಾ, ಆಟ ನಡೆಸೋನು ಆರನೇ ನಂಬರು, ಚೆಂಡು ಅವನ ಕೈ ಮುಟ್ಟದೆ ಒಂದು ಹೆಜ್ಜೆ ಹೋಗ್ಬಾರ್ದು, ಅಂಥ ಕೈ ಇರೋನನ್ನ ಹಿಂದೆ ನಿಲ್ಸಿ ಕಾವಲು ಕಾಯಿಸ್ತೀಯಾ — ಆ ಹುಡುಗ ಅಂದರೆ ಕೀರನ್, ನನ್ನ ಮಗ, ಹತ್ತೊಂಬತ್ತು ವರ್ಷ, ನಮ್ಮೂರ ರಗ್ಬಿ ತಂಡದ ಆಟಗಾರ, ಎದುರಿನ ಸ್ಟ್ಯಾಂಡಿನಲ್ಲಿ ಕ್ಲಬ್ಬಿನ ಉದ್ದ ಕೋಟು ಹಾಕಿಕೊಂಡು, ಈ ದಿನ ಆಡದ ಆಟಗಾರರ ಸಾಲಿನಲ್ಲಿ ಕೂತಿದ್ದಾನೆ, ಇಲ್ಲಿಂದ ಮುಖ ಕಾಣುವುದಿಲ್ಲ, ಕೂತ ಭಂಗಿಯಿಂದ ಗುರುತು ಹಿಡಿಯುತ್ತೇನೆ, ತೊಡೆಯ ಸ್ನಾಯು ಎಳೆದಿದೆ ಎಂದು ಕ್ಲಬ್ಬಿನವರು ಹೇಳಿದ್ದಾರೆ, ಇವರು ನಂಬಿದ್ದಾರೆ, ಗುಡ್ ಫ್ರೈಡೇ ಪಂದ್ಯಕ್ಕೆ ಬಂದೇ ಬರ್ತಾನೆ ಬೆವ್, ನೀನು ಅವನಿಗೆ ಚೆನ್ನಾಗಿ ಸೂಪು ಕುಡ್ಸು ಅಂತ ಡೆಸ್ ನನಗೇ ಹೇಳಿದ, ಕುಡಿಸ್ತೀನಿ ಅಂದೆ. ಮಂಗಳವಾರ ಕ್ಲಬ್ಬು ನಿಜ ಹೇಳುತ್ತದೆ, ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಮ್ಮ, ಕಟ್ಟೆ ಮೇಲಂತೂ ಬಿಡ್ಲೇಬೇಡ ಅಂದಿದ್ದಾನೆ ಮಗ, ಬಾರದೇ ಇದ್ದಿದ್ದರೆ ಇವರಿಗೆ ಅನುಮಾನ ಬರುತ್ತಿತ್ತು, ಗಂಡನನ್ನು ಮಣ್ಣು ಮಾಡಿದ ವಾರವೂ ಬಂದು ನಿಂತವಳು ನಾನು, ಅದಕ್ಕೇ ಬಂದೆ, ನಾವೆಲ್ಲ ನಿಂತು ಆಟ ನೋಡುವ ಮೈದಾನದಂಚಿನ ಈ ಕಟ್ಟೆಯ ಮೇಲೆ, ಕಂಬಿಯ ಬಳಿ, ಎಂದಿನ ಜಾಗದಲ್ಲಿ ನಿಂತೆ, ಇವರ ವಾದ ಕೇಳುತ್ತಿದ್ದೇನೆ. ಅವನು ಇನ್ನು ಆಡುವುದಿಲ್ಲ. ಒಂದರಲ್ಲೂ ಇಲ್ಲ, ಆರರಲ್ಲೂ ಇಲ್ಲ.

ನನಗೂ ಟ್ರೆವರ್‌ಗೂ ನಡುವೆ ಒಬ್ಬ ಗಂಡಸು ನಿಲ್ಲುವಷ್ಟು ಜಾಗ ಖಾಲಿ ಇದೆ, ಅದು ಗ್ಲೆನ್‌ನದು, ನನ್ನ ಗಂಡನದು, ಜನವರಿಯಲ್ಲಿ ಹೋದ, ಗ್ಯಾರೇಜಿನಲ್ಲಿ ಯಾರದೋ ವ್ಯಾನಿನ ಕೆಳಗೆ ಮಲಗಿದ್ದವನು ಏಳಲಿಲ್ಲ — ಇಲ್ಲಿ ಕಟ್ಟೆಯವರು ಯಾರಾದರೂ ಹೋದರೆ ಆ ಸೀಸನ್ನು ಮುಗಿಯುವವರೆಗೆ ಕಂಬಿಯ ಬಳಿ ಅವರ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ, ಹೂವಿಲ್ಲ, ಫಲಕವಿಲ್ಲ, ಸುಮ್ಮನೆ ಬಿಟ್ಟು ನಿಲ್ಲುತ್ತಾರೆ, ಮೊದಲ ಪಂದ್ಯದ ದಿನ ಪಕ್ಕದ ಊರಿನವನೊಬ್ಬ ತಿಳಿಯದೆ ಬಂದು ನಿಂತ, ಡೆಸ್ ಅವನ ಬೆನ್ನು ಮುಟ್ಟಿ, ಸ್ವಲ್ಪ ಆಚೆ ಸರೀತೀಯಾ ಮಾರಾಯ, ಇಲ್ಲಿ ಜನ ಇದ್ದಾರೆ ಅಂದ, ಅವನು ಖಾಲಿ ಜಾಗ ನೋಡಿದ, ನನ್ನ ಮುಖ ನೋಡಿದ, ಟೋಪಿ ಮುಟ್ಟಿಕೊಂಡು ಸರಿದ, ಅವರ ಊರಲ್ಲೂ ಹೀಗೇ ಇರಬೇಕು. ಆರನೇ ನಂಬರು ಎಂಬುದು ಮೊದಲಿಗೆ ಗ್ಲೆನ್‌ನ ವಾದ, ಕೀರನ್ ಇನ್ನೂ ಹನ್ನೊಂದು ವರ್ಷದೊಳಗಿನವರ ತಂಡದಲ್ಲಿ ಮೂಗು ಸುರಿಸಿಕೊಂಡು ಓಡುತ್ತಿದ್ದಾಗಿನಿಂದ ಡೆಸ್‌ಗೂ ಗ್ಲೆನ್‌ಗೂ ಇದೇ ಜಗಳ, ಟ್ರೆವರ್ ಆಗ ಡೆಸ್‌ನ ಪಕ್ಷ, ಬಸ್ಸು ಓಡಿಸುವವನು, ಸ್ಟಾಪಿನಲ್ಲಿ ನನ್ನನ್ನು ಕಂಡರೆ ಬಾಗಿಲು ತೆರೆದು, ಒಂದನೇ ನಂಬರು, ನಿನ್ನ ಗಂಡನಿಗೆ ಹೇಳು ಅಂತ ಕೂಗಿ ಹೋಗುತ್ತಿದ್ದ — ಗ್ಲೆನ್ ಹೋದ ಮೇಲೆ ಬಂದ ಮೊದಲ ಪಂದ್ಯದಲ್ಲಿ ಡೆಸ್ ತನ್ನ ಮಾತು ಶುರು ಮಾಡಿ, ಎದುರು ಉತ್ತರ ಬಾರದೆ, ಅರ್ಧದಲ್ಲೇ ನಿಂತುಬಿಟ್ಟ, ಆಗ ಟ್ರೆವರ್ ಗಂಟಲು ಸರಿ ಮಾಡಿಕೊಂಡು, ಯೋಚನೆ ಮಾಡಿದ್ರೆ ಆರೇ ಸರಿ ಕಣೋ ಅಂದ, ಡೆಸ್ ಅವನ ಮೇಲೆ ಹರಿಹಾಯ್ದ, ಇಬ್ಬರಿಗೂ ಜೀವ ಬಂದಂತಾಯಿತು, ನನಗೂ. ಈ ಕಂಬಿ. ಪ್ರತಿ ಸೀಸನ್ನಿಗೆ ಮುಂಚೆ ಇದಕ್ಕೆ ನೀಲಿ ಬಣ್ಣ ಬಳಿಯುವುದು ಗ್ಲೆನ್‌ನ ಪಾಲಿನ ಕೆಲಸ, ಸಂಬಳವಿಲ್ಲದ ಕೆಲಸ, ತುಕ್ಕು ಕೆರೆಯದೆ ಅದರ ಮೇಲೇ ಬಳಿಯುತ್ತಿದ್ದ, ಮೊದ್ಲು ಉಜ್ಜಬಾರ್ದಾ ಮಹಾರಾಯ ಅಂದರೆ ಬಣ್ಣಕ್ಕೇನೂ ಬೇಜಾರಿಲ್ಲ ಬೆವ್ ಅನ್ನುತ್ತಿದ್ದ, ಹಾಗಾಗಿ ಮುಟ್ಟಿದರೆ ಉದುರುತ್ತದೆ, ಈ ಸಲವೂ ಬಳಿದ, ಬಳಿದೇ ಹೋದ — ಆರು ವರ್ಷದ ಕೀರನ್ ನಮ್ಮಿಬ್ಬರ ನಡುವೆ, ಮಗುಚಿ ಹಾಕಿದ ಹಾಲಿನ ಕ್ರೇಟಿನ ಮೇಲೆ ನಿಂತು, ಎರಡು ಕೈಯಲ್ಲಿ ಕಂಬಿ ಹಿಡಿದು, ಕಂಬಿಯ ಮೇಲೆ ಗದ್ದ ಊರಿ ಆಟ ನೋಡುತ್ತಾನೆ, ಕಣ್ಣು ಮಿಟುಕಿಸುವುದಿಲ್ಲ, ಮೂಗಿನಿಂದ ಹಬೆ, ಪಂದ್ಯ ಮುಗಿದು ತಿರುಗಿದರೆ ಗದ್ದದ ಮೇಲೆ ನೀಲಿ ಬಣ್ಣದ ಚೂರು ಅಂಟಿರುತ್ತದೆ, ನಾನು ಕರ್ಚೀಫಿನ ತುದಿಗೆ ಉಗುಳು ಹಚ್ಚಿ ಒರೆಸುತ್ತೇನೆ, ಅಮ್ಮಾ ಎಲ್ಲರೂ ನೋಡ್ತಾರೆ ಅನ್ನುತ್ತಾನೆ. ಒರೆಸಿದ ಮೇಲೂ ಸ್ವಲ್ಪ ಉಳಿದಿರುತ್ತಿತ್ತು.

ಅಯ್ಯೋ ಬಿಟ್ಟ ನೋಡು, ಮತ್ತೆ ಬಿಟ್ಟ ಚೆಂಡನ್ನ, ಕೈಗೆ ಬೆಣ್ಣೆ ಸವರ್ಕೊಂಡು ಬಂದಿದಾನೇನೋ ಅಂತ ಟ್ರೆವರ್ ಕೂಗುತ್ತಾನೆ, ಕೀರನ್‌ನ ಬದಲಿಗೆ ಆರನೇ ನಂಬರಿನಲ್ಲಿ ಆಡುತ್ತಿರುವ ಹುಡುಗನ ಬಗ್ಗೆ, ಪಾಪದ ಹುಡುಗ, ಅವನ ತಾಯಿಯೂ ಎಲ್ಲೋ ನಿಂತಿರಬೇಕು, ನಮ್ಮೋನಿದ್ದಿದ್ರೆ ಅದನ್ನ ಕಣ್ಮುಚ್ಕೊಂಡು ಹಿಡೀತಿದ್ದ ಅಲ್ವಾ ಬೆವ್, ಹಿಡೀತಿದ್ದ ಅಂದೆ, ಹಿಡಿಯುತ್ತಿದ್ದ — ಒಂದು ತಿಂಗಳ ಹಿಂದೆ ಅಭ್ಯಾಸದಲ್ಲಿ ಯಾರದೋ ಮೊಣಕೈ ತಲೆಗೆ ತಗುಲಿತು, ದೊಡ್ಡದೇನಲ್ಲ, ಎದ್ದ, ನಕ್ಕ, ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದ, ನಿಯಮ ಅಂತ ಕ್ಲಬ್ಬಿನವರು ಸ್ಕ್ಯಾನ್ ಮಾಡಿಸಿದರು, ಗುರುವಾರ ಲೀಡ್ಸಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರು ಪರದೆಯ ಮೇಲೆ ಬೂದು ಬಣ್ಣದ ಚಿತ್ರ ತೋರಿಸಿ, ಇಲ್ಲಿ ಅಂತ ಪೆನ್ನು ಇಟ್ಟರು, ಮಿದುಳಿನ ಪಕ್ಕದಲ್ಲಿ ನೀರಿನ ಚೀಲ, ಮೊಣಕೈಗೂ ಇದಕ್ಕೂ ಸಂಬಂಧ ಇಲ್ಲ, ಹುಟ್ಟಿದಾಗಿಂದ ಇದೆ, ಇಷ್ಟು ವರ್ಷ ಏನೂ ಆಗದೇ ಇದ್ದದ್ದೇ ಪುಣ್ಯ, ಇನ್ನೊಂದು ಪೆಟ್ಟು ಬಿದ್ರೆ ಏನಾಗತ್ತೆ ಅಂತ ನಾನು ಹೇಳಕ್ಕಾಗಲ್ಲ — ಹುಟ್ಟಿದಾಗಿನಿಂದ ಅಂದರೆ ನನ್ನ ಹೊಟ್ಟೆಯಲ್ಲೇ ಆದದ್ದು, ನಾನು ಮಾಡಿಕೊಟ್ಟ ತಲೆ ಅದು, ಅವರು ಹಾಗೆ ಹೇಳಲಿಲ್ಲ, ಒಳ್ಳೆಯ ಹೆಂಗಸು, ಈಜಬಹುದು, ಓಡಬಹುದು, ಮದ್ವೆ ಮಕ್ಕಳು ಎಲ್ಲಾ ಆಗ್ಬಹುದು, ಈ ಆಟ ಒಂದು ಬೇಡ ಅಂದರು, ಕೀರನ್ ತುಂಬ ಹೊತ್ತು ಚಿತ್ರವನ್ನೇ ನೋಡಿದ, ತನ್ನ ತಲೆಯನ್ನು ಎಂದೂ ನೋಡಿರಲಿಲ್ಲವಲ್ಲ, ಆಮೇಲೆ ಮೆಲ್ಲಗೆ, ವಿಂಗಲ್ಲಿ ಆಡಿದ್ರೆ ಅಂದ. ವಿಂಗ್. ಅದು ನನ್ನ ವಾದ, ಇಡೀ ಕಟ್ಟೆ ನಗುವ ನನ್ನ ವಾದ, ಒಂದೋ ಆರೋ ಅಂತ ಇವರು ಕಿತ್ತಾಡುವಾಗ ನಾನು ವಿಂಗ್ ಅನ್ನುತ್ತಿದ್ದೆ, ಅಂಚಿನ ಗೆರೆಯ ಪಕ್ಕ ನಿಲ್ಲುವವನು, ನಾವು ನಿಲ್ಲುವ ಈ ಮೂಲೆಗೇ ಓಡಿ ಬರುವವನು, ಕೋಣಗಳು ಗುದ್ದಾಡುವುದು ನಡುವೆ, ಅಂಚಿನಲ್ಲಿ ಅವನು ನನ್ನ ಕೈಗೆ ಸಿಗುವಷ್ಟು ಹತ್ತಿರ, ಉಸಿರು ಕೇಳಿಸುವಷ್ಟು ಹತ್ತಿರ, ಬೆವ್‌ಗೆ ಮಗನ ಕಾಲ್ಚೀಲ ಸರಿಯಾಗಿದ್ಯಾ ಅಂತ ನೋಡ್ಬೇಕು, ಅದಕ್ಕೆ ವಿಂಗು ಅಂತ ಗ್ಲೆನ್ ನಗುತ್ತಿದ್ದ, ಕೀರನ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಚಳಿಯಲ್ಲಿ ಕೈ ಜೇಬಲ್ಲಿಟ್ಟು ನಿಂತ್ಕೊಳ್ಳೋದಕ್ಕೆ ನಾನ್ಯಾಕೆ ಆಡ್ಬೇಕಮ್ಮ ಅನ್ನುತ್ತಿದ್ದ — ಅವನೇ ಅಲ್ಲಿ ಕೇಳಿದ, ವಿಂಗಲ್ಲಾದ್ರೆ, ಅಲ್ಲಿ ಪೆಟ್ಟು ಕಮ್ಮಿ, ಅಮ್ಮನ್ನ ಕೇಳಿ. ಡಾಕ್ಟರಮ್ಮನಿಗೆ ಆಟ ಗೊತ್ತಿಲ್ಲ, ನನ್ನ ಕಡೆ ತಿರುಗಿ ವಿಂಗ್ ಅಂದ್ರೆ ಎಲ್ಲಿ ಅಂದರು, ನಾನು ಅವರ ಮೇಜಿನ ಅಂಚಿನ ಮೇಲೆ ಬೆರಳಿಟ್ಟು ಇಲ್ಲಿ ಅಂದೆ, ಅಲ್ಲಿರೋರೂ ಬೀಳ್ತಾರಲ್ವಾ ಅಂದರು, ಕೀರನ್ ನನ್ನನ್ನೇ ನೋಡುತ್ತಿದ್ದ, ಬೀಳಲ್ಲ ಅಂತ ಹೇಳಬೇಕಿತ್ತು, ಎಷ್ಟು ಸುಲಭದ ಸುಳ್ಳು, ಬೀಳ್ತಾರೆ ಅಂದೆ. ಮನೆಗೆ ಬರುವ ದಾರಿಯಲ್ಲಿ ಅವನೇ ಕಾರು ಓಡಿಸಿದ.

ಸೀಟಿ, ಅರ್ಧ ಆಟ ಮುಗಿಯಿತು, ಎಲ್ಲರೂ ಕಂಬಿ ಬಿಟ್ಟು ಹೊರಡುತ್ತಾರೆ, ಎರಡನೇ ಅರ್ಧದಲ್ಲಿ ನಮ್ಮವರು ಯಾವ ತುದಿಗೆ ದಾಳಿ ಮಾಡುತ್ತಾರೋ ಆ ತುದಿಗೆ ನಾವು ಹೋಗಿ ನಿಲ್ಲಬೇಕು, ಪಬ್ಬಿನ ತುದಿಯಿಂದ ರೈಲ್ವೆ ತುದಿಗೆ, ಅಲ್ಲಿಂದ ಎದುರು ಊರಿನವರು ಈ ಕಡೆ ಬರುತ್ತಾರೆ, ನಡುದಾರಿಯಲ್ಲಿ ಎರಡು ಗುಂಪೂ ಒಂದನ್ನೊಂದು ದಾಟುವಾಗ ತಮಾಷೆ, ಏನಪ್ಪಾ ನಿಮ್ಮ ಆರನೇ ನಂಬರು ಆಟ ಕಲಿಯೋಕೆ ಬಂದಿದ್ದಾನಾ ಅಂತ ಅವರು, ನಿಮ್ಮೂರಲ್ಲಿ ಕಲಿಸೋರಿಲ್ಲ ಅಂತ ನಮ್ಮ ಹತ್ರ ಬಿಟ್ಟಿದಾರೆ ಕಣೋ ಅಂತ ಡೆಸ್, ನಗುತ್ತಾನೆ, ನಕ್ಕರೆ ಕೆಮ್ಮು, ಅವನು ದುಡಿದ ಕಲ್ಲಿದ್ದಲ ಗಣಿ ಮುಚ್ಚಿ ಅಷ್ಟು ಕಾಲವಾದರೂ ಎದೆಯೊಳಗೆ ಧೂಳು ಹಾಗೇ ಇದೆ, ನಾನು ಅವನ ಬೆನ್ನು ತಿಕ್ಕುತ್ತೇನೆ, ರೈಲ್ವೆ ತುದಿಯ ಮೂಲೆಯಲ್ಲಿ ಅದೇ ಕ್ರಮದಲ್ಲಿ ನಿಲ್ಲುತ್ತೇವೆ, ಡೆಸ್, ಟ್ರೆವರ್, ಖಾಲಿ, ನಾನು, ಆ ಖಾಲಿಯೂ ನಮ್ಮ ಜೊತೆ ನಡೆದು ಬಂದು ನಿಂತಿದೆ, ಇಲ್ಲಿಯ ಕಂಬಿಗೂ ಅವನೇ ಬಳಿದದ್ದು — ಇವತ್ತು ಇದನ್ನ ತೀರ್ಮಾನ ಮಾಡೇಬಿಡೋಣ ಅಂತ ಟ್ರೆವರ್, ಬೆವ್, ನೀನು ಹೆತ್ತ ತಾಯಿ, ನಿನ್ನ ಮಾತೇ ಕೊನೆ, ಒಂದೋ ಆರೋ, ಮತ್ತೆ ಆ ವಿಂಗು ಅಂದ್ರೆ ಚಹಾ ಕೊಡ್ಸಲ್ಲ ನೋಡು — ಇಬ್ಬರೂ ನನ್ನ ಮುಖ ನೋಡುತ್ತಾರೆ, ನಗು ತಯಾರಿದೆ ಅವರ ಬಾಯಲ್ಲಿ, ಹೇಳಿಬಿಟ್ಟರೆ ಹಗುರಾಗುತ್ತದೆ, ಮುಗೀತು ಕಣ್ರೋ, ಎಲ್ಲಾ ಮುಗೀತು, ನಿಮ್ಮ ಒಂದೂ ಮುಗೀತು ಆರೂ ಮುಗೀತು ಅಂತ ಈ ಕಂಬಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟರೆ, ಮಾತು ಕೊಟ್ಟಿದ್ದೇನೆ ಮಗನಿಗೆ, ಇದೊಂದನ್ನಾದರೂ ಉಳಿಸಿಕೊಡಬೇಕು, ವಿಂಗ್ ಅಂದೆ. ನಕ್ಕರು. ನಾನೂ ನಕ್ಕೆ, ಎದುರಿನ ಸ್ಟ್ಯಾಂಡಿನ ಕಡೆ ನೋಡಿದೆ, ಆಡದವರ ಸಾಲಿನಲ್ಲಿ ಅವನ ಕುರ್ಚಿ ಖಾಲಿ. ಕಕ್ಕಸಿಗೆ ಹೋಗಿರಬೇಕು ಅಂದುಕೊಂಡೆ.

ಎರಡನೇ ಅರ್ಧ ಶುರುವಾಗಿದೆ, ಬೆನ್ನ ಹಿಂದೆ ಜನ ಸರಿಯುವ ಸದ್ದು, ಏ ಕೀರನ್, ಕಾಲು ಹೆಂಗಿದ್ಯಪ್ಪಾ, ಕಾಲು ಚೆನ್ನಾಗಿದೆ ಅನ್ನುವ ಅವನ ದನಿ, ಮೆಟ್ಟಿಲಿಳಿದು ಬರುತ್ತಿದ್ದಾನೆ, ಕ್ಲಬ್ಬಿನ ಕೋಟಿಲ್ಲ, ಎಲ್ಲಿ ಬಿಟ್ಟ, ಮೈಮೇಲೆ ಗ್ಲೆನ್‌ನ ಹಳೆಯ ಜಾಕೆಟ್ಟು, ಬೆಳಿಗ್ಗೆ ಬಾಗಿಲ ಹಿಂದಿನ ಮೊಳೆಯಿಂದ ಯಾವಾಗ ತೆಗೆದುಕೊಂಡನೋ — ಆಟಗಾರರು ಪಂದ್ಯ ನಡೆಯುವಾಗ ಕಟ್ಟೆಗೆ ಬರುವುದಿಲ್ಲ, ಎಂದೂ ಬಂದಿಲ್ಲ, ಲೋ ನಿನ್ನ ಕೋಚ್ ನೋಡಿದ್ರೆ ಚರ್ಮ ಸುಲೀತಾನೆ, ಹೋಗಿ ನಿನ್ನ ಕುರ್ಚಿ ಮೇಲೆ ಕೂತ್ಕೋ ಅಂತ ಡೆಸ್ ಕೈಯಾಡಿಸಿ ಅಟ್ಟುತ್ತಾನೆ, ಅಲ್ಲಿಂದ ಏನೂ ಕಾಣ್ಸಲ್ಲ ಡೆಸ್ ಮಾಮ ಅಂದ ಕೀರನ್, ನನ್ನ ಕಡೆ ನೋಡಲಿಲ್ಲ, ಟ್ರೆವರ್‌ನ ಬೆನ್ನ ಹಿಂದಿನಿಂದ ನುಸುಳಿ ನಮ್ಮಿಬ್ಬರ ನಡುವಿನ ಖಾಲಿಯಲ್ಲಿ ಬಂದು ನಿಂತ, ಭುಜ ಅಪ್ಪನದೇ ಅಗಲ, ಎರಡೂ ಕೈಯನ್ನು ಕಂಬಿಯ ಮೇಲಿಟ್ಟ. ಟ್ರೆವರ್ ಬಾಯಿ ತೆರೆದ, ಅದು ನಿಮ್ಮಪ್ಪನ ಅಂತ ಶುರು ಮಾಡಿ ಮುಚ್ಚಿದ, ಡೆಸ್ ಆ ಕೈಗಳನ್ನು ನೋಡಿದ, ಆ ಜಾಕೆಟ್ಟು ನೋಡಿದ, ಆಮೇಲೆ ನನ್ನ ಮುಖ, ನಾನು ಏನೂ ಹೇಳಲಿಲ್ಲ, ಸತ್ಯವಾಗಿಯೂ ಹೇಳಲಿಲ್ಲ, ಮುಖ ಏನು ಮಾಡಿತೋ ಗೊತ್ತಿಲ್ಲ, ಇನ್ನೆರಡು ವಾರದಲ್ಲಿ, ಗುಡ್ ಫ್ರೈಡೇಗೆ, ಆಡುವ ಹುಡುಗ ಈ ಜಾಗದಲ್ಲಿ ಬಂದು ನಿಲ್ಲುವುದಿಲ್ಲ ಎಂಬುದು ಡೆಸ್‌ಗೆ ಗೊತ್ತು, ಈ ಕಟ್ಟೆಯಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು, ಅವನು ಪೈಯನ್ನು ಕೆಳಗಿಟ್ಟ, ಗ್ರೇವಿಯ ಕೈಯಿಂದಲೇ ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಮೈದಾನದಲ್ಲಿ ಯಾರೋ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟ್ರೈ ಹೊಡೆದಿರಬೇಕು, ಸುತ್ತಲೂ ಜನ ಎಗರುತ್ತಿದ್ದಾರೆ, ನಾವು ನಾಲ್ವರು ನಿಂತೇ ಇದ್ದೇವೆ, ಆಗ ಟ್ರೆವರ್, ಎದುರಿಗೇ ನೋಡುತ್ತ, ದನಿ ತಗ್ಗಿಸಿ, ಡೆಸ್, ನೀನು ಹೇಳಿದ್ದೇ ಸರಿ ಕಣೋ, ಒಂದನೇ ನಂಬರೇ ಅಂದ, ಡೆಸ್ ತಲೆಯಾಡಿಸಿ, ಇಲ್ಲ, ಆರು, ಗ್ಲೆನ್ ಹೇಳಿದ್ದೇ ಸರಿ, ಇವನು ಆರು ಅಂದ, ಇಷ್ಟು ವರ್ಷ ಒಂದಿಂಚು ಬಿಟ್ಟುಕೊಡದ ಮುದುಕ, ದನಿ ಒಡೆಯಿತು, ಕೆಮ್ಮಿನಲ್ಲಿ ಮುಚ್ಚಿಕೊಂಡ — ಕೀರನ್‌ಗೆ ಕೇಳಿಸಿತು, ಕೇಳಿಸದಂತೆ ನಿಂತ, ಉದ್ದ ಹುಡುಗ, ಕ್ರೇಟು ಬೇಡ ಈಗ, ಬೆನ್ನು ಬಗ್ಗಿಸಿದ, ಇನ್ನೂ ಬಗ್ಗಿಸಿದ, ಎರಡು ಕೈಗಳ ನಡುವೆ ಕಂಬಿಯ ಮೇಲೆ ಗದ್ದ ಊರಿದ, ಕಣ್ಣು ಮಿಟುಕಿಸದೆ ಆಟ ನೋಡುತ್ತಿದ್ದಾನೆ, ಮೂಗಿನಿಂದ ಹಬೆ, ನನ್ನ ಕೈಗೆ ಸಿಗುವಷ್ಟು ಹತ್ತಿರ, ಉಸಿರು ಕೇಳಿಸುವಷ್ಟು ಹತ್ತಿರ, ಬೇಕೆಂದು ನಾನೇ ಕೇಳಿದಷ್ಟು ಹತ್ತಿರ, ಕೊನೆಯ ಸೀಟಿ ಊದುತ್ತಾರೆ, ಅವನು ತಲೆಯೆತ್ತಿ ನನ್ನ ಕಡೆ ತಿರುಗುತ್ತಾನೆ, ನನ್ನ ಕೈ ಜೇಬಿನೊಳಗೆ ಕರ್ಚೀಫು ಹುಡುಕುತ್ತದೆ, ಸಿಗುತ್ತದೆ, ಕೈ ಮೇಲೆ ಬರುವುದಿಲ್ಲ, ಎಲ್ಲರೂ ನೋಡ್ತಾರೆ ಅಂತ ಅವನು ಈಗ ಅನ್ನುವುದಿಲ್ಲ, ಸುಮ್ಮನೆ ಮುಖ ಮುಂದೆ ಚಾಚಿ ನಿಂತಿದ್ದಾನೆ, ಬೋಳಿಸದ ಗಡ್ಡದ ನಡುವೆ, ಗದ್ದದ ಮೇಲೆ, ನೀಲಿ ಬಣ್ಣದ ಚೂರು, ಗದ್ದದ ಮೇಲೆ ನೀಲಿ ಬಣ್ಣದ ಚೂರು