ಚಾಪೆಯ ಮೇಲಿನ ನಾಲ್ಕನೆಯವಳು

ಇಸ್ಪೀಟಿನ ಒಂದು ಕಟ್ಟಿಗೆ ಆದವಾನಿ ಬಜಾರಿನಲ್ಲಿ ಎಂಟಾಣೆ ಇತ್ತು. ಯುದ್ಧ ಶುರುವಾದ ಮೇಲೆ ಹನ್ನೆರಡಾಣೆಗೆ ಏರಿತು. ಕೈ ತೊಳೆದುಕೊಂಡು ಆಡಿದರೆ ಒಂದು ಕಟ್ಟು ಎರಡು ವರ್ಷ ಬಾಳುತ್ತದೆ. ಮೇಲಿನ ಖರ್ಚೆಂದರೆ ಎಲೆ ಅಡಿಕೆ, ಒಂದು ಹಿಡಿ ಹುರಿದ ಶೇಂಗಾ. ನಾಲ್ಕು ಹೆಂಗಸರು ಮಧ್ಯಾಹ್ನವಿಡೀ ನಗುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಸಿಗದೆ ಹೋದದ್ದು ನಾಲ್ಕನೆಯ ಹೆಂಗಸು.

ಹತ್ತಿ ವ್ಯಾಪಾರಿ ಸಿದ್ದಬಸಪ್ಪನ ಹೆಂಡತಿ ಗುರುಲಿಂಗಮ್ಮನ ಪಡಸಾಲೆಯಲ್ಲಿ ಊಟವಾದ ಮೇಲೆ ಚಾಪೆ ಹಾಸುತ್ತಿದ್ದರು. ಆಡಲು ಬರುತ್ತಿದ್ದವರಲ್ಲಿ ಉಚ್ಚಮ್ಮನ ಗಂಡ ಅದೇ ಸಿದ್ದಬಸಪ್ಪನ ಹತ್ತಿ ಮಂಡಿಯಲ್ಲಿ ತಕ್ಕಡಿ ಹಿಡಿಯುವವನು. ಎರ್ರಮ್ಮನ ಮನೆಯ ಬಂಡಿಗಳು ಅದೇ ಮಂಡಿಯ ಹತ್ತಿಯನ್ನು ಸ್ಟೇಷನ್ನಿಗೆ ಹೊರುತ್ತಿದ್ದವು. ಮೂವರೂ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ನಾಲ್ಕನೆಯವಳಾಗಿದ್ದ ಶಾಂತಕ್ಕ ಮಗಳ ಬಾಣಂತನಕ್ಕೆಂದು ಬಳ್ಳಾರಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಮೂರು ಮಂದಿ ಆಟ ಉಪ್ಪಿಲ್ಲದ ಸಾರು ಇದ್ದಂಗ ಐತಿ," ಎಂದು ಎರ್ರಮ್ಮ ಗೊಣಗಿದಳು. "ನಿನ್ನ ಸೊಸಿನ್ನ ಕೂಡಿಸ್ಕೋಬಾರದೇನಕ್ಕಾ?"

ಸೊಸೆ ಕೊಟ್ರಮ್ಮ ದೇವನಕೊಂಡದಿಂದ ಬಂದು ಆರು ತಿಂಗಳಾಗಿತ್ತು. ಅತ್ತೆ ಕೆಟ್ಟವಳಲ್ಲ, ಆದರೆ ಆಡುವ ಮಾತೆಲ್ಲ ಒಲೆಯದು, ನೀರಿನ ಕೊಡದ್ದು. ಪಡಸಾಲೆಯ ನಗು ಅಡುಗೆಮನೆಗೆ ಕೇಳುವಾಗ ಕೊಟ್ರಮ್ಮನಿಗೆ ತಾನು ಈ ಮನೆಗೆ ಇನ್ನೂ ಬಂದೇ ಇಲ್ಲ ಎನ್ನಿಸುತ್ತಿತ್ತು. ಕರೆದ ಕೂಡಲೇ ಕೈ ಒರೆಸಿಕೊಂಡು ಬಂದಳು. ಇವತ್ತು ಸರಿಯಾಗಿ ಆಡಿದರೆ ನಾಳೆಯೂ ಕರೆಯುತ್ತಾರೆ, ಇಲ್ಲದಿದ್ದರೆ ಮತ್ತೆ ಅಡುಗೆಮನೆಯೇ. ಅಷ್ಟು ಆಕೆಗೆ ತಿಳಿದಿತ್ತು.

ಕತ್ತೆ ಆಟ ಕಲಿಸುವುದು ಸುಲಭ. ಎಲೆಗಳನ್ನೆಲ್ಲ ಹಂಚಿಬಿಡಬೇಕು. ಒಬ್ಬಳು ಇಸ್ಪೀಟು ಜಾತಿಯ ಎಲೆ ಹಾಕಿದರೆ ಉಳಿದವರೂ ಅದೇ ಜಾತಿ ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಪಕ್ಕಕ್ಕೆ ಹೋಗುತ್ತವೆ, ದೊಡ್ಡ ಎಲೆಯವಳು ಮುಂದಿನ ಎಲೆ ಹಾಕುತ್ತಾಳೆ. ಕೈಯಲ್ಲಿ ಇಸ್ಪೀಟು ಇಲ್ಲದವಳು ಬೇರೆ ಜಾತಿಯ ಎಲೆ ಹಾಕಿ ಕಡಿಯುತ್ತಾಳೆ. ಕಡಿದರೆ ಅಲ್ಲಿಗೆ ನಿಲ್ಲಬೇಕು. ಅಷ್ಟರಲ್ಲಿ ದೊಡ್ಡ ಇಸ್ಪೀಟು ಹಾಕಿದವಳು ಯಾರೋ ಅವಳೇ ರಾಶಿಯನ್ನೆಲ್ಲ ಎತ್ತಿಕೊಳ್ಳಬೇಕು. ಕೈ ಖಾಲಿಯಾದವರು ಪಾರು. ಕೊನೆಗೆ ಎಲೆ ಹಿಡಿದು ಉಳಿದವಳು ಕತ್ತೆ; ಎದ್ದು ಎಲ್ಲರಿಗೂ ನೀರು ತಂದುಕೊಡಬೇಕು.

"ನಾ ಕತ್ತಿ ಆಗಿ ಎಷ್ಟು ವರ್ಷಾತೋ ನೆನಪಿಲ್ಲ," ಎಂದಳು ಗುರುಲಿಂಗಮ್ಮ, ಎಲೆ ಕಲೆಸುತ್ತ. "ನೋಡಿ ಕಲಿ."

"ಅಕ್ಕನ ತಲಿ ಅಂಥಾದ್ದವ್ವಾ," ಎಂದಳು ಉಚ್ಚಮ್ಮ. "ನಮ್ಮ ತಲ್ಯಾಗ ಬರೇ ಹೇನು."

ಆಟ ಅರ್ಧಕ್ಕೆ ಬಂದಾಗ ಗುರುಲಿಂಗಮ್ಮ ಇಸ್ಪೀಟಿನ ರಾಣಿ ಹಾಕಿದಳು. ಪಕ್ಕದಲ್ಲಿದ್ದ ಉಚ್ಚಮ್ಮ ಅದಕ್ಕಿಂತ ದೊಡ್ಡದಾದ ಎಕ್ಕ ಹಾಕಿದಳು. ಕೊಟ್ರಮ್ಮನ ಹತ್ತಿರ ಇಸ್ಪೀಟು ಇರಲಿಲ್ಲ. ಆಟೀನು ಹಾಕಿ ಕಡಿದಳು. ರಾಶಿ ಉಚ್ಚಮ್ಮನ ಪಾಲಾಯಿತು. ಆಕೆ ಅದನ್ನು ಕೈಯಲ್ಲಿ ಜೋಡಿಸಿಕೊಳ್ಳುವಾಗ ಒಂದು ಎಲೆ ಜಾರಿ ಚಾಪೆಯ ಮೇಲೆ ಬಿತ್ತು. ಇಸ್ಪೀಟಿನ ಎರಡು.

"ಉಚ್ಚಮ್ಮತ್ತಿ, ನಿಮ್ಮತ್ರ ಎರಡು ಇತ್ತಲ್ಲ," ಎಂದಳು ಕೊಟ್ರಮ್ಮ. "ಅದನ್ನ ಹಾಕಿದ್ರ ರಾಶಿ ಅತ್ತಮ್ಮನ ಮ್ಯಾಲ ಹೋಗ್ತಿತ್ತು. ಎಕ್ಕ ಯಾಕ ಹಾಕಿದ್ರಿ?"

ಕಲಿಯುವವಳು ಕೇಳುವ ಪ್ರಶ್ನೆಯೇ ಅದು. ಆದರೆ ಎರ್ರಮ್ಮ ಎಲೆ ಅಡಿಕೆ ಚೀಲದಲ್ಲಿ ಏನೋ ಹುಡುಕತೊಡಗಿದಳು. ಗುರುಲಿಂಗಮ್ಮ ಬಿದ್ದಿದ್ದ ಎಲೆಯನ್ನೇ ನೋಡಿದಳು.

"ಹೌದಲ್ಲ. ಯಾಕ ಹಾಕಿದಿ?"

"ಕಣ್ಣು ಮಂಜಾಗ್ಯಾವಕ್ಕ."

"ನಿನ್ನಿ ನನ್ನ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದು ಯಾರ ಕಣ್ಣವ್ವಾ? ಎರ್ರಮ್ಮ, ನೀನೂ ಹಿಂಗೇ ಏನು?"

ಎರ್ರಮ್ಮ ಚೀಲ ಕೆಳಗಿಟ್ಟಳು. "ಇವರ ಮನಿಯವರು ನಿಮ್ಮ ತಕ್ಕಡಿ ಹಿಡಿಯೋರು, ನಮ್ಮ ಬಂಡಿ ನಿಮ್ಮ ಹತ್ತಿ ಹೊರೋದು. ಮೊದಮೊದಲು ಅಂಜಿ ಬಿಟ್ಟುಕೊಟ್ವಿ. ಆಮ್ಯಾಲ ರೂಢಿ ಆತು. ಗೆದ್ದ ದಿನ ನೀ ಭಾಳ ಚಂದ ನಗ್ತಿ ನೋಡು, ಅದಕ್ಕ."

ಕೊಟ್ರಮ್ಮನಿಗೆ ತನ್ನ ಜಾಗ ಹೋಯಿತೆಂದು ಖಚಿತವಾಯಿತು. ಮೆಲ್ಲಗೆ ಏಳುತ್ತ, "ಒಲಿ ಮ್ಯಾಲ ಹಾಲು ಐತಿ," ಎಂದಳು.

"ಒಲಿ ಆರಿ ತಾಸಾತು. ಕುಂದ್ರು."

ಗುರುಲಿಂಗಮ್ಮ ಎಲ್ಲರ ಕೈಯಿಂದ ಎಲೆ ಕಸಿದುಕೊಂಡು ಬಹಳ ಹೊತ್ತು ಕಲೆಸಿದಳು. ಮುಖ ಕೆಂಪಾಗಿತ್ತು. "ತಕ್ಕಡಿ ಮಂಡಿಯೊಳಗ ಇರ್ಲಿ," ಎಂದಳು ಕೊನೆಗೆ. "ಇಲ್ಲಿ ಯಾರರ ಬಿಟ್ಟುಕೊಟ್ರ ಚಾಪಿ ಸುತ್ತಿ ಅಟ್ಟಕ್ಕ ಹಾಕ್ತೀನಿ."

ಹೊಸ ಆಟದಲ್ಲಿ ಯಾರೂ ಬಿಟ್ಟುಕೊಡಲಿಲ್ಲ. ಉಚ್ಚಮ್ಮ ಇಷ್ಟು ದಿನ ಅಡಗಿಸಿಟ್ಟಿದ್ದ ಬುದ್ಧಿಯನ್ನೆಲ್ಲ ಹೊರತೆಗೆದಳು. ಮೊದಲು ಆಕೆ ಪಾರಾದಳು, ಆಮೇಲೆ ಎರ್ರಮ್ಮ. ಕೊನೆಗೆ ಅತ್ತೆ ಸೊಸೆ ಇಬ್ಬರೇ ಉಳಿದರು. ಗುರುಲಿಂಗಮ್ಮ ಕಳಾವರದ ರಾಜ ಹಾಕಿ ಸೊಸೆಯ ಮುಖ ನೋಡಿದಳು. ಕೊಟ್ರಮ್ಮನ ಕೈಯಲ್ಲಿ ಇದ್ದದ್ದು ಒಂದೇ ಎಲೆ, ಅದು ಡೈಮನ್ನು. ಒಂದು ಗಳಿಗೆ ಹಿಡಿದುಕೊಂಡೇ ಕುಳಿತು, ಆಮೇಲೆ ಅದನ್ನೇ ಹಾಕಿ ಕಡಿದು ಪಾರಾದಳು.

"ಕತ್ತಿ," ಎಂದಳು ಉಚ್ಚಮ್ಮ, ನಗು ತಡೆಯಲಾರದೆ.

ಕೊಟ್ರಮ್ಮ ದಡಬಡಿಸಿ ಎದ್ದಳು. "ನೀರು ನಾ ತರ್ತೀನಿ ಅತ್ತಮ್ಮ."

"ಕತ್ತಿ ಯಾರು, ನೀನಾ ನಾನಾ?"

ಗುರುಲಿಂಗಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ ನೀರು ತಂದಳು. ಗೆಳತಿಯರಿಗೆ ಕೊಟ್ಟ ಮೇಲೆ ಸೊಸೆಯ ಮುಂದೆ ಚೊಂಬು ಹಿಡಿದಳು. ಕೊಟ್ರಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ನಾಳಿ ಪಾತ್ರಿ ಜಲ್ದಿ ತೊಳಿ," ಎಂದಳು ಅತ್ತೆ. "ಇವತ್ತಿಂದು ನಾ ತೀರಿಸ್ಕೋಬೇಕು."

ತೀರಿಸಿಕೊಳ್ಳಲು ಮರುದಿನವೂ ಆಗಲಿಲ್ಲ. ಸೋಲದವಳೆಂಬ ಹೆಸರು ಗುರುಲಿಂಗಮ್ಮನಿಂದ ಹೋಯಿತು, ಮತ್ತೆ ಬರಲಿಲ್ಲ. ಅದರ ಬದಲು ನಿಜವಾಗಿ ಆಡುವ ಮೂವರು ಸಿಕ್ಕರು. ಅವರಲ್ಲಿ ಒಬ್ಬಳು ಸೊಸೆ.