ಮಾತೃಭಾಷೆಯ ಕಾಲಂ

ಕಾಶವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪುಣೆಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನೊಳಗೆ ಮಿದುಳಿನ ಗಡ್ಡೆ ತೆಗೆಯಲು ಗಂಡ ಶಿವಪ್ಪನ ತಲೆ ತೆರೆದಿದ್ದರು, ಅದೂ ಅವನು ಎಚ್ಚರವಿರುವಾಗಲೇ. ಎರಡು ಸಾವಿರದ ಆರನೇ ಇಸವಿಗೆ ಇಂಥದ್ದೂ ಬಂದಿತ್ತು ನೋಡಿ: ಡಾಕ್ಟರು ಮಿದುಳಿಗೆ ಸಣ್ಣಗೆ ಕರೆಂಟು ಮುಟ್ಟಿಸಿ ಚಿತ್ರ ತೋರಿಸುವುದು, ರೋಗಿ ಅದರ ಹೆಸರು ಹೇಳುವುದು. ಎಲ್ಲಿ ಮಾತು ತಡವರಿಸುತ್ತದೋ ಆ ಜಾಗ ಬಿಟ್ಟು ಉಳಿದ ಗಡ್ಡೆ ತೆಗೆಯುವುದು.

"ಯಾವ ಭಾಷಾದಾಗ ಕೇಳ್ತಾರವ್ವ?" ಎಂದು ಕಾಶವ್ವ ಮಗಳು ರೇಣುವನ್ನು ಕೇಳಿದಳು.

"ಮರಾಠಿ. ಫಾರ್ಮಿನ್ಯಾಗ ಅಪ್ಪಾ ಮಾತೃಭಾಷಾ ಮರಾಠಿ ಅಂತ ಬರದಾರ."

ಕಾಶವ್ವ ಎದ್ದು ನಿಂತಳು. ಹಾಳು ಚಟ ಇದೊಂದು! ರೇಷನ್ ಕಾರ್ಡಿನಿಂದ ಹಿಡಿದು ಮಗಳ ಶಾಲೆಯವರೆಗೆ, ಕೆಲಸ ಸಲೀಸಾಗಲೆಂದು ಶಿವಪ್ಪ ಎಲ್ಲ ಕಡೆ ಹಾಗೇ ಬರೆದವನು. ಕೋಥರೂಡಿನ ಮನೆಯ ಹೊಸ್ತಿಲು ದಾಟಿ ಒಳಬಂದರೆ ಮಾತ್ರ ಬರೀ ಕನ್ನಡ. ಪುಣೆಗೆ ಬಂದು ಇಪ್ಪತ್ತೇಳು ವರ್ಷವಾದರೂ ಕಾಶವ್ವನ ಮರಾಠಿ ಕಾಯಿಪಲ್ಲೆ ಸಂತೆ ಬಿಟ್ಟು ಆಚೆ ಹೋಗಿರಲಿಲ್ಲ. ಮರಾಠಿಯನ್ನಷ್ಟೇ ಕೇಳಿ ಉಳಿಸಿ, ಕನ್ನಡವನ್ನೇ ಕತ್ತರಿಸಿ ತೆಗೆದರೆ ಅವಳ ಜೊತೆ ಮಾತಾಡುವವರು ಯಾರು?

ಹೋಗಿ ಬಾಗಿಲು ಬಡಿದಳು. ನರ್ಸು ಗದರಿದಳು, ಇವಳು ಜಗ್ಗಲಿಲ್ಲ. ಕೊನೆಗೆ ಡಾಕ್ಟರೇ ಗೌನು, ಮಾಸ್ಕು ತೊಡಿಸಿ ಒಳಗೆ ಕರೆಸಿ, ಗಂಡನ ಮುಖದೆದುರು ಕೂರಿಸಿದರು.

ಮೀನಿನ ಚಿತ್ರ ಬಂತು. ಕರೆಂಟು ಮುಟ್ಟಿಸಿ ಮರಾಠಿಯಲ್ಲಿ ಕೇಳಿದಾಗ ಶಿವಪ್ಪ "ಮಾಸಾ" ಎಂದ.

"ಕನ್ನಡದಾಗ ಏನಂತಾರ್ರಿ?" ಎಂದಳು ಕಾಶವ್ವ.

ಅವನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕರೆಂಟು ತೆಗೆದೊಡನೆ "ಮೀನ" ಎಂದ. ಮೂರು ಸಲ ನೋಡಿದರೂ ಹಾಗೇ ಆಯಿತು.

ಡಾಕ್ಟರು ಕೈ ತಡೆದು, ಅವಳಿಗೂ ತಿಳಿಯುವ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಗಡ್ಡೆಯ ಕೊನೆಯ ಚೂರು ಅದೇ ಜಾಗದಲ್ಲಿದೆ. ತೆಗೆದರೆ ಮರಾಠಿ ಉಳಿಯುತ್ತದೆ, ಕನ್ನಡ ಹೋದರೂ ಹೋಗಬಹುದು. ಬಿಟ್ಟರೆ ನಾಲ್ಕೈದು ವರ್ಷದಲ್ಲಿ ಗಡ್ಡೆ ಮತ್ತೆ ಬೆಳೆದು ಜೀವಕ್ಕೇ ಕುತ್ತು ತರುತ್ತದೆ.

"ಇರ್ಲಿ ಬಿಡು ಅದು," ಎಂದ ಶಿವಪ್ಪ ಹೆಂಡತಿಯನ್ನೇ ನೋಡುತ್ತ. "ನಿನ್ನ ಜೋಡಿ ಏನ್ ಮಾತಾಡ್ಲಿ?"

"ನೀವು ಸುಮ್ಮನಿರ್ರಿ. ಜೀವಾ ಇದ್ರ ನಾನ ಮರಾಠಿ ಕಲೀತೀನಿ." ಅವಳು ಡಾಕ್ಟರತ್ತ ತಿರುಗಿ, ತೆಗೆಯಿರಿ ಎಂಬುದನ್ನು ಅವರ ಭಾಷೆಯಲ್ಲೇ ಹೇಳಿದಳು: "ಕಾಢಾ."

ಶಿವಪ್ಪ ಹೂಂ ಎಂದ.

ಕನ್ನಡದಲ್ಲಿ ಏನಾದರೂ ಮಾತಾಡುವುದಿದ್ದರೆ ಈಗಲೇ ಮಾತಾಡಿಕೊಳ್ಳಿ ಎಂದರು ಡಾಕ್ಟರು. ಕಾಶವ್ವ ಗಂಡನ ಕಡೆ ಬಾಗಿ ಕೇಳಿದಳು:

"ಹಸಿವಾಗೇದೇನ್ರಿ?"

"ಭಾಳ ಆಗೇದ. ರೊಟ್ಟಿ ಮಾಡ್ತಿಯೇನು?"

"ಮಾಡ್ತೀನ್ರಿ. ಪಲ್ಯಾ ಯಾವುದು ಮಾಡ್ಲಿ?"

"ಪುಂಡಿಪಲ್ಯಾ," ಎಂದ ಶಿವಪ್ಪ. ಡಾಕ್ಟರು ಕೆಲಸಕ್ಕೆ ಬಾಗಿದರು.