ಅತ್ತೆಯ ಸಂಗೀತಾಭ್ಯಾಸ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದದ್ದು ಅತ್ತೆ ನನ್ನ ಬಳಿ ಸಂಗೀತ ಕಲಿಯಲು ಕೂತಾಗ.

ಅತ್ತೆ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅವರು ನಿಲ್ದಾಣದ ಹೆಸರು ಕೂಗಿದರೆ ಹಿಂದಿನ ಬಸ್ಸಿನವರೂ ಇಳಿದುಬಿಡುತ್ತಿದ್ದರಂತೆ. ಅಂಥ ಗಂಟಲು. ಆದರೆ ಅದಕ್ಕೂ ಶ್ರುತಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಚರ್ಚಿನ ಗಾನವೃಂದ ನಡೆಸುವವಳು ನಾನೇ ಆದ್ದರಿಂದ ಅವರನ್ನು ಬಾಗಿಲ ಬಳಿ ಹಾಡಿನ ಪುಸ್ತಕ ಹಂಚಲು ನಿಲ್ಲಿಸಿದ್ದೆ. ಅವರು ಅಲ್ಲಿಂದಲೇ ಹಾಡುತ್ತಿದ್ದರು; ನಮ್ಮ ಇಡೀ ವೃಂದ ಶ್ರುತಿ ಬಿಟ್ಟು ಅವರ ಹಿಂದೆ ಹೋಗುತ್ತಿತ್ತು.

ಆ ಗಂಟಲಲ್ಲೇ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ ಎಂದರು ಡಾಕ್ಟರ್. ಆಸ್ಪತ್ರೆಯಿಂದ ಬಂದ ಸಂಜೆಯೇ ಅತ್ತೆ, ನನ್ನಲ್ಲಿ ಪಿಯಾನೊ ಕಲಿಯುವ ಮಕ್ಕಳೆಲ್ಲ ಹೋಗುವವರೆಗೆ ಕಾದು, ಮುಂದಿನ ಕೋಣೆಗೆ ಬಂದರು.

“ನಂಗೆ ಸರಿಯಾಗಿ ಹಾಡೋದು ಕಲಿಸು.”

“ಈಗ್ಯಾಕೆ ಅತ್ತೆ?”

“ಕಲಿಸ್ತೀಯೋ ಇಲ್ವೋ?”

ಡಾಕ್ಟರ್ ಹೇಳಿದ್ದು ತಲೆಗೆ ಹೋಗಿಲ್ಲ, ಪಾಪ, ಎಂದುಕೊಂಡೆ. ಪುನರುತ್ಥಾನದ ಹಾಡೊಂದನ್ನು ಅವರೇ ಆರಿಸಿದರು. ಕಲಿಸಿದೆ. ದೇವರೇ, ಅದೇನು ಪಾಡು! ನಾನು ಒಂದು ಸ್ವರ ಒತ್ತಿದರೆ ಅವರು ಅದರ ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದರು. ತಿದ್ದಿದರೆ “ನಿನ್ನ ಪಿಯಾನೊನೇ ಸರಿಯಿಲ್ಲ” ಎನ್ನುತ್ತಿದ್ದರು. ನಾನು ರೇಗಿದೆ, ಅವರೂ ರೇಗಿದರು; ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದ. ಕೊನೆಗೊಂದು ದಿನ ಮೊದಲ ಚರಣ ಕೂದಲೆಳೆಯಷ್ಟೂ ತಪ್ಪದೆ ಬಂತು. ಎದ್ದು ಅವರನ್ನು ತಬ್ಬಿಕೊಂಡೆ. “ಸಾಕು ಬಿಡೇ, ಎರಡನೇದು ತೆಗಿ” ಎಂದರು.

ಎರಡನೆಯದು ತೆಗೆಯಲು ಸಮಯವಿರಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಆಸ್ಪತ್ರೆಗೆ ಒಯ್ಯುವ ಚೀಲ ತುಂಬುತ್ತ ಧೈರ್ಯ ಮಾಡಿ ಹೇಳಿಬಿಟ್ಟೆ.

“ಅತ್ತೆ, ಆಸೆ ಇಟ್ಕೋಬೇಡಿ. ಸ್ವರ ಉಳಿಯಲ್ಲ.”

ಅವರು ನನ್ನನ್ನು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವಳನ್ನು ನೋಡುವಂತೆ ನೋಡಿದರು.

“ಉಳಿಯತ್ತೆ ಅಂತ ಯಾರಂದ್ರು? ಹೋಗತ್ತೆ. ಆಮೇಲೊಂದಿನ ನಾನೂ ಹೋಗ್ತೀನಿ. ಆದ್ರೆ ಯೇಸು ಸತ್ತು ಎದ್ದು ಬಂದ ಅಂತ ಪ್ರತಿ ಭಾನುವಾರ ಹೇಳ್ತೀವಲ್ಲ, ಅದೇನು ಬರೀ ಬಾಯಿಮಾತಾ? ನನ್ನನ್ನೂ ಎಬ್ಬಿಸ್ತಾನೆ. ಹೊಸ ಮೈ, ಹೊಸ ಗಂಟಲು. ಸ್ವರ್ಗದಲ್ಲಿ ಅಷ್ಟು ಜನರ ಮಧ್ಯೆ ನಿಂತು ಅಪಸ್ವರ ಹಾಡಿದ್ರೆ ನಿನ್ನ ಮರ್ಯಾದೆ ಹೋಗಲ್ವಾ?”

“ಅಲ್ಲಿ ಶ್ರುತಿನೂ ಅವನೇ ಸರಿಮಾಡ್ತಾನೆ ಬಿಡಿ.”

“ಮಾಡ್ಲಿ. ಎಲ್ಲಾ ಅವನ ತಲೆಗೇ ಕಟ್ಟಬೇಕಾ?” ಎಂದು ಗಹಗಹಿಸಿ ನಕ್ಕರು. ನಾನೂ ನಕ್ಕೆ. ನೋವು ಮುಚ್ಚಲು ಆಡಿದ ತಮಾಷೆ ಎಂದೇ ತಿಳಿದಿದ್ದೆ.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದಾಗ ಅತ್ತೆ ಇಳಿದುಹೋಗಿದ್ದರು. ಕತ್ತಿನ ರಂಧ್ರದ ಮೇಲೆ ಮೆತ್ತನೆಯ ಬಟ್ಟೆ, ಉಸಿರಾಟವೆಲ್ಲ ಅಲ್ಲಿಂದಲೇ. ಪಿಯಾನೊ ಕಂಡರೆ ಅವರಿಗೆ ನೋವಾಗುತ್ತದೆಂದು ನಾನು ಅದಕ್ಕೆ ದುಪ್ಪಟಿ ಹೊದಿಸಿ, ಮಕ್ಕಳ ಪಾಠವನ್ನೂ ನಿಲ್ಲಿಸಿದ್ದೆ. ಎದ್ದು ಓಡಾಡುವಂತಾದ ಮೊದಲ ಮಧ್ಯಾಹ್ನ ಅವರು ನೇರ ಅಲ್ಲಿಗೇ ಬಂದರು. ದುಪ್ಪಟಿ ಎಳೆದು ನೆಲಕ್ಕೆ ಹಾಕಿದರು. ಹಾಡಿನ ಪುಸ್ತಕ ತೆರೆದು, ಎರಡನೆಯ ಚರಣದ ಮೇಲೆ ಬೆರಳಿಟ್ಟು, ನನ್ನತ್ತ ತಿರುಗಿ ಹುಬ್ಬು ಹಾರಿಸಿದರು.

ನಾನು ಪಿಯಾನೊ ಮುಂದೆ ಕೂತೆ. ನುಡಿಸಿದೆ. ಅತ್ತೆ ಬಾಯಿ ತೆರೆದು ಹಾಡಿದರು. ಸದ್ದಿಲ್ಲ, ಕತ್ತಿನ ಬಟ್ಟೆ ಮಾತ್ರ ಉಸಿರಿಗೆ ಅಲುಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಕಣ್ಣೊರೆಸಿಕೊಂಡ. ನನಗೂ ಅಳು ಬಂತು. ಅಷ್ಟರಲ್ಲಿ ಅತ್ತೆಯ ತುಟಿ ನನ್ನ ಬೆರಳಿಗಿಂತ ಮುಂದೆ ಓಡಿದ್ದು ಕಣ್ಣಿಗೆ ಬಿತ್ತು. ನುಡಿಸುವುದನ್ನು ನಿಲ್ಲಿಸಿದೆ.

“ಅತ್ತೆ, ಅವಸರ ಮಾಡಿದ್ರಿ. ಮೊದಲಿಂದ.”

“ಅಮ್ಮನ್ನ ಸುಮ್ನೆ ಬಿಡೇ,” ಎಂದ ಗಂಡ. “ಇನ್ನು ತಾಳ ಕಲ್ತು ಏನು ಮಾಡ್ತಾಳೆ?”

“ಎದ್ದು ಬಂದ ಮೇಲೆ ಹಾಡ್ತಾರೆ,” ಎಂದೆ. ಮಾತು ಬಾಯಿಂದ ಬಂದ ಮೇಲೇ ನನಗೆ ತಿಳಿದದ್ದು, ಅದನ್ನು ನಾನು ಸಮಾಧಾನಕ್ಕೆ ಹೇಳಿರಲಿಲ್ಲ.

ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿ, ಎದೆ ಎತ್ತಿ ನಿಂತು, ಮತ್ತೆ ಮೊದಲ ಸಾಲಿಗೆ ಬಂದರು.